ಒಂಬತ್ತು ಮಿಲಿಮೀಟರ್

ವೀಕ್ಷಣಾಲಯದ ಹಿಂದಿನ ಮನೆ,
ಮಂಗಳವಾರ, ಮಾರ್ಚ್ ೧೪
ಬೆಳಿಗ್ಗೆ, ಡ್ರಮ್ಮಿಗೆ ಹೊಸ ಕಾಗದ ಸುತ್ತಿದ ಮೇಲೆ

ಪ್ರೀತಿಯ ಯಾಕಮ್ಮನಿಗೆ ತಾತನ ಮುದ್ದು,

ಕೈ ಹೇಗಿದೆ? ಪ್ಲಾಸ್ಟರಿನೊಳಗೆ ತುರಿಕೆ ಶುರುವಾಗಿದೆ ಎಂದು ನಿಮ್ಮಮ್ಮ ಹೇಳಿದಳು. ತುರಿಕೆ ಬಂತೆಂದರೆ ಮೂಳೆ ಕೂಡುತ್ತಿದೆ ಎಂದೇ ಅರ್ಥ ಎನ್ನುವುದು ನಿನ್ನ ಅಜ್ಜಿಯ ವೈದ್ಯಶಾಸ್ತ್ರ. ಅದನ್ನು ಪ್ರಶ್ನಿಸುವ ಧೈರ್ಯ ನನಗಿಲ್ಲ, ನಲವತ್ತೊಂದು ವರ್ಷದಿಂದ ಅವಳ ಕೈ ಅಡುಗೆಯನ್ನೇ ಉಣ್ಣುತ್ತಿದ್ದೇನೆ. ಆದರೆ ಸ್ಕೇಲು ತೂರಿಸಿ ಕೆರೆದುಕೊಳ್ಳುತ್ತೀಯಂತೆ, ಅದು ಬೇಡ ಕಣಮ್ಮ. ಶುಕ್ರವಾರ ಬಿಚ್ಚುತ್ತಾರಲ್ಲ, ಅಲ್ಲಿಯವರೆಗೆ ಹಲ್ಲು ಕಚ್ಚಿ ತಡೆದುಕೋ. ಬಿಚ್ಚಿದ ಮೇಲೆ ಕೈ ತೆಳ್ಳಗೆ, ಬಿಳಚಿಕೊಂಡು, ಬೇರೆ ಯಾರದೋ ಕೈಯಂತೆ ಕಾಣುತ್ತದೆ. ಹೆದರಬೇಡ, ಹದಿನೈದು ದಿನದಲ್ಲಿ ಮತ್ತೆ ನಿನ್ನ ಕೈಯೇ ಆಗುತ್ತದೆ. ನಿದ್ದೆ ಸರಿಯಾಗಿ ಬರುತ್ತಿದೆಯಾ? ಬೀದಿಯಲ್ಲಿ ಲಾರಿ ಹೋದರೂ ಎದ್ದು ಕೂರುತ್ತೀಯಂತೆ. ನಾನೂ ಕೂರುತ್ತೇನೆ, ಅಜ್ಜಿಗೆ ಹೇಳಬೇಡ. ಇಲ್ಲಿ ನಾವಿಬ್ಬರೂ ಆರೋಗ್ಯ. ಅಜ್ಜಿಯ ಮಂಡಿ, ನನ್ನ ಕನ್ನಡಕ, ಎರಡೂ ಮೊದಲಿನಷ್ಟೇ ಕೆಲಸ ಮಾಡುತ್ತಿವೆ.

ನೀನು ಫೋನಿಗೆ ಬರದೆ ಐದು ಭಾನುವಾರ ಆಯಿತು. ಮೊದಲ ಭಾನುವಾರ ಸ್ನಾನಕ್ಕೆ ಹೋಗಿದ್ದಾಳೆ ಅಂದಳು ನಿಮ್ಮಮ್ಮ. ಎರಡನೆಯ ಭಾನುವಾರ ಮಲಗಿದ್ದಾಳೆ ಅಂದಳು. ಮೂರನೆಯ ಭಾನುವಾರ, ಪಾಪ, ಅವಳ ಹತ್ತಿರವೂ ಸುಳ್ಳು ಮುಗಿದುಹೋಗಿ, ‘ಬರಲ್ಲ ಅಂತಾಳೆ ಅಪ್ಪ’ ಅಂದುಬಿಟ್ಟಳು. ಈ ರಜೆಗೆ ತಾತನ ಮನೆಗೆ ಹೋಗುವುದಿಲ್ಲ, ಇನ್ನು ಯಾವತ್ತೂ ಹೋಗುವುದಿಲ್ಲ ಎಂದು ಹೇಳಿದ್ದೀಯಂತೆ. ನೆಲ ನಡುಗಿದ ಊರೆಂದರೆ ಮಕ್ಕಳಿಗೆ ಭಯ ಸಹಜ ಎಂದು ಅವಳು ನನ್ನನ್ನು ಸಮಾಧಾನ ಮಾಡುತ್ತಾಳೆ. ಆದರೆ ನೀನು ಅವಳ ಕೈಲಿ ಒಂದು ಪ್ರಶ್ನೆ ಕಳಿಸಿದ್ದೆ. ‘ತಾತನಿಗೆ ಮೊದಲೇ ಗೊತ್ತಾಗಲಿಲ್ವಾ ಅಂತ ಕೇಳು.’ ನಾನು ಅವಳಿಗೊಂದು ಉತ್ತರ ಕೊಟ್ಟೆ, ಅವಳು ಅದನ್ನು ನಿನಗೆ ಹೇಳಿದಳು, ಕೇಳಿದವಳೇ ನೀನು ಊಟದ ತಟ್ಟೆ ಬಿಟ್ಟು ಎದ್ದುಹೋದೆಯಂತೆ. ದಿನಕ್ಕೆ ನಲವತ್ತು ಸಲ ಯಾಕೆ ಯಾಕೆ ಅಂತ ಎಲ್ಲರ ತಲೆ ತಿನ್ನುತ್ತಿದ್ದವಳು ನೀನು, ಅದಕ್ಕೇ ಅಲ್ಲವೇ ಯಾಕಮ್ಮ ಅಂತ ಹೆಸರು ಬಂದದ್ದು. ನನ್ನನ್ನು ಮಾತ್ರ ಇನ್ನು ಏನೂ ಕೇಳುವುದಿಲ್ಲ ಅಂದರೆ ನಾನು ಏನು ಮಾಡಲಿ ಹೇಳು? ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದೆ. ಕಾಗದವಾದರೆ ನೀನು ಎದ್ದುಹೋದರೂ ಮೇಜಿನ ಮೇಲೆ ಸುಮ್ಮನೆ ಕಾದಿರುತ್ತದೆ.

ನಿನ್ನ ಪ್ರಶ್ನೆ ಸಣ್ಣದಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಭೂಕಂಪ ಅಳೆಯುವ ಯಂತ್ರಕ್ಕೆ ಶಾಯಿ ತುಂಬುತ್ತಿದ್ದೇನೆ, ಕಾಗದ ಬದಲಾಯಿಸುತ್ತಿದ್ದೇನೆ, ಧೂಳು ಒರೆಸುತ್ತಿದ್ದೇನೆ. ಆದರೆ ನೆಲ ಯಾಕೆ ನಡುಗುತ್ತದೆ, ನಡುಗುವುದು ಮೊದಲೇ ಗೊತ್ತಾಗುತ್ತದೋ ಇಲ್ಲವೋ ಅಂತ ಒಂದು ದಿನವೂ ಯಾರನ್ನೂ ಸರಿಯಾಗಿ ಕೇಳಿದವನಲ್ಲ. ಗೊತ್ತಿರುವವನ ಹಾಗೆ ಓಡಾಡಿಕೊಂಡಿದ್ದೆ, ಊರಿನವರೂ ನಂಬಿದ್ದರು. ಈ ಸಲ ನಾಚಿಕೆ ಬಿಟ್ಟು ನಮ್ಮ ಮೇಡಂ ಹತ್ತಿರ ಹೋದೆ. ನಿನಗೆ ಗೊತ್ತಲ್ಲ, ಎರಡು ವರ್ಷದ ಹಿಂದೆ ಬಂದ ವಿಜ್ಞಾನಿ, ಎರಡು ಚೀಲ ಹೊತ್ತು ಬೆಟ್ಟ ಹತ್ತಿ ಇಳಿದು ಬಂದು ಅಜ್ಜಿಯ ಹತ್ತಿರ ಮಜ್ಜಿಗೆ ಕೇಳುವವರು. ನಿಮ್ಮಮ್ಮನ ವಯಸ್ಸು. ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಮೂರು ವಾರದಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಹಳೆಯ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ಪಾಠ ಹೇಳುತ್ತಿದ್ದಾರೆ. ಅರವತ್ತಮೂರನೆಯ ವಯಸ್ಸಿನಲ್ಲಿ ನನ್ನದು ಒಂದನೇ ಕ್ಲಾಸು. ಕಲಿತದ್ದನ್ನೆಲ್ಲ ನಿನಗೆ ಒಪ್ಪಿಸುತ್ತೇನೆ, ತಪ್ಪಿದ್ದರೆ ಅದು ನನ್ನದು, ಮೇಡಂದಲ್ಲ.

ಭೂಮಿಯ ಮೇಲ್ಪದರ ತೆಂಗಿನ ಚಿಪ್ಪಿನ ಹಾಗೆ ಒಂದೇ ಅಲ್ಲವಂತೆ. ದೊಡ್ಡ ದೊಡ್ಡ ತುಂಡುಗಳು. ಸಮುದ್ರ, ಬೆಟ್ಟ, ಊರು, ಬೇಕರಿ, ಎಲ್ಲವನ್ನೂ ಹೊತ್ತುಕೊಂಡು ಅವು ಸರಿಯುತ್ತಲೇ ಇರುತ್ತವೆ. ಎಷ್ಟು ವೇಗ ಅಂದರೆ ಉಗುರು ಬೆಳೆಯುವಷ್ಟು. ಪ್ಲಾಸ್ಟರ್ ಹಾಕಿದ ಮೇಲೆ ಆ ಕೈಯ ಉಗುರು ಕತ್ತರಿಸಲು ಬಿಟ್ಟಿಲ್ಲವಂತೆ ನೀನು. ನೋಡಿಕೋ, ಅದು ಎಷ್ಟು ಬೆಳೆದಿದೆಯೋ ಹೆಚ್ಚುಕಮ್ಮಿ ಅಷ್ಟು ದೂರ ನಾವೆಲ್ಲ ಪ್ರಯಾಣ ಮಾಡಿದ್ದೇವೆ, ಟಿಕೆಟ್ಟಿಲ್ಲದೆ. ಆದರೆ ತುಂಡುಗಳ ಅಂಚು ನುಣ್ಣಗಿಲ್ಲ, ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಅಂಚು ನಿಂತುಬಿಟ್ಟರೂ ಹಿಂದಿನಿಂದ ತಳ್ಳುವುದು ನಿಲ್ಲುವುದಿಲ್ಲ, ಬಂಡೆ ಒಳಗೊಳಗೇ ಬಾಗುತ್ತದೆ, ವರ್ಷಗಟ್ಟಲೆ ಬಾಗುತ್ತದೆ, ಒಂದು ದಿನ ತಡೆಯಲಾರದೆ ಜಾರುತ್ತದೆ. ಅಜ್ಜಿಯ ಹೊಲಿಗೆ ಮೇಜಿನ ಎರಡನೆಯ ಡ್ರಾಯರು ನೆನಪಿದೆಯಾ? ಎಳೆದರೆ ಬರುವುದಿಲ್ಲ, ಮತ್ತೆ ಎಳೆದರೆ ಬರುವುದಿಲ್ಲ, ಬಂದಾಗ ಒಂದೇ ಸಲಕ್ಕೆ ಬಂದು ಗುಂಡಿಗಳೆಲ್ಲ ಮನೆ ತುಂಬ ಚೆಲ್ಲಾಡುತ್ತವೆ. ಮೇಡಂ ಅದನ್ನೇ ತೋರಿಸಿ, ಎಷ್ಟನೆಯ ಎಳೆತಕ್ಕೆ ಬರುತ್ತದೆ ಮೊದಲೇ ಹೇಳಿ ನೋಡೋಣ ಅಂದರು. ನಾನು ಆರು ಅಂದೆ, ಹನ್ನೊಂದಕ್ಕೆ ಬಂತು. ಹನ್ನೊಂದು ಅಂದೆ, ನಾಲ್ಕಕ್ಕೇ ಬಂದು ನಾನು ಹಿಂದಕ್ಕೆ ಬಿದ್ದೆ. ಗುಂಡಿ ಹೆಕ್ಕುವಷ್ಟರಲ್ಲಿ ಅಜ್ಜಿ ಬಂದು ನಮ್ಮಿಬ್ಬರಿಗೂ ಚೆನ್ನಾಗಿ ಬೈದಳು, ವಿಜ್ಞಾನಿ ಅಂತಲೂ ನೋಡಲಿಲ್ಲ. ಎಳೆಯುತ್ತಿದ್ದೇವೆ ಅಂತ ಗೊತ್ತು, ಬಂದೇ ಬರುತ್ತದೆ ಅಂತ ಗೊತ್ತು, ಯಾವ ಎಳೆತಕ್ಕೆ ಅಂತ ಮಾತ್ರ ಗೊತ್ತಿಲ್ಲ. ಇಂಥ ಜಾಗದಲ್ಲಿ ಇಷ್ಟು ವರ್ಷದೊಳಗೆ ಆಗುವ ಸಂಭವ ಹೆಚ್ಚು ಎಂದು ಹೇಳಬಲ್ಲರಂತೆ, ಇಂಥ ದಿನ ಇಷ್ಟು ಗಂಟೆಗೆ ಎಂದು ಹೇಳಬಲ್ಲವರು ಇಡೀ ಪ್ರಪಂಚದಲ್ಲಿ ಒಬ್ಬರೂ ಇಲ್ಲವಂತೆ. ಇಷ್ಟು ಓದಿದವರು ‘ಗೊತ್ತಿಲ್ಲ’ ಅನ್ನುವುದನ್ನು ಇಷ್ಟು ಆರಾಮಾಗಿ ಹೇಳುತ್ತಾರಲ್ಲ ಅಂತ ನನಗೆ ಅದೇ ಆಶ್ಚರ್ಯ.

ಇನ್ನು ನಮ್ಮ ಮುಳ್ಳಿನ ವಿಷಯ. ನಿನಗೆ ಗೊತ್ತಿರುವುದೇ, ಆದರೆ ಅಮ್ಮನೂ ಓದಲಿ ಅಂತ ಮೊದಲಿನಿಂದ ಬರೆಯುತ್ತೇನೆ. ಆಫೀಸಿನ ಮುಂದಿನ ಕೋಣೆಯಲ್ಲಿ ಡ್ರಮ್ಮು, ಡ್ರಮ್ಮಿಗೆ ಸುತ್ತಿದ ಕಾಗದ, ಕಾಗದದ ಮೇಲೆ ಶಾಯಿಯ ಮುಳ್ಳು. ಡ್ರಮ್ಮು ನಿಧಾನವಾಗಿ ತಿರುಗುತ್ತದೆ, ಒಂದು ಸೆಕೆಂಡಿಗೆ ಕಾಗದ ಒಂದು ಮಿಲಿಮೀಟರ್ ಸರಿಯುತ್ತದೆ. ನೆಲ ಸುಮ್ಮನಿದ್ದರೆ ನೇರ ಗೆರೆ, ನೆಲ ಅಲುಗಿದರೆ ಗೆರೆಯೂ ಅಲುಗುತ್ತದೆ. ಮೇಡಂ ಕಂಪ್ಯೂಟರಿನಲ್ಲಿ ಇದೆಲ್ಲ ತಾನಾಗಿ ದಾಖಲಾಗುತ್ತದೆ, ಆದರೂ ಹಳೆಯದು ಇರಲಿ ಅಂತ ಡ್ರಮ್ಮನ್ನು ಇಟ್ಟುಕೊಂಡಿದ್ದಾರೆ, ನನ್ನನ್ನೂ ಅದೇ ಲೆಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ಭೂಕಂಪವಲ್ಲದ ಅಲುಗಾಟದ ಪಕ್ಕದಲ್ಲಿ ಪೆನ್ಸಿಲಿನಿಂದ ಕಾರಣ ಬರೆಯುವುದು ನನ್ನ ಪದ್ಧತಿ. ‘ಲಾರಿ.’ ‘ಗಾಳಿ.’ ‘ಬೇಕರಿಗೆ ಹಿಟ್ಟಿನ ಮೂಟೆ ಬಂತು.’ ‘ಅಜ್ಜಿ ಬಾಗಿಲು ಬಡಿದಳು, ಕಾರಣ ನಾನು.’ ನೀನು ರಜೆಗೆ ಬಂದಾಗಲೆಲ್ಲ ಅಂಗಳದಲ್ಲಿ ಹಗ್ಗದಾಟ ಆಡುತ್ತಿದ್ದೆ, ಕಾಗದದ ಮೇಲೆ ಸಣ್ಣ ಸಣ್ಣ ಹಲ್ಲುಗಳ ಸಾಲು ಮೂಡುತ್ತಿತ್ತು, ನಾನು ಪಕ್ಕದಲ್ಲಿ ‘ಯಾಕಮ್ಮ’ ಎಂದು ಬರೆಯುತ್ತಿದ್ದೆ. ಎಂಬತ್ತೇಳು ಸಲ ಹಾರಿದೆ ಎಂದು ನೀನು ಜಂಬ ಕೊಚ್ಚಿದರೆ ನಾನು ಭೂತಗನ್ನಡಿ ಹಿಡಿದು ಹಲ್ಲು ಎಣಿಸಿ, ಎಪ್ಪತ್ತೊಂಬತ್ತು ಅಂತ ಹಿಡಿದುಹಾಕುತ್ತಿದ್ದೆ. ಸರ್ಕಾರದ ದಾಖಲೆಯಲ್ಲಿ ನಿನ್ನ ಹೆಸರು ನಾಲ್ಕು ವರ್ಷದಿಂದ ಇದೆ ಕಣೇ.

ಬಂಡೆ ಜಾರಿದಾಗ ಎರಡು ಬಗೆಯ ಅಲೆ ಹೊರಡುತ್ತವಂತೆ. ಒಂದು ತಳ್ಳುವ ಅಲೆ. ಬೆಳಿಗ್ಗೆ ಬೇಕರಿಯ ಮುಂದೆ ಸಾಲು ನಿಂತಿರುತ್ತದಲ್ಲ, ಹಿಂದಿನವನು ಒಂದು ಸಲ ನೂಕಿದರೆ ನೂಕು ಒಬ್ಬರಿಂದೊಬ್ಬರಿಗೆ ದಾಟಿ ಮುಂದಿನವನ ಮೂಗು ಗಾಜಿಗೆ ತಾಗುತ್ತದೆ, ಹಾಗೆ. ಇನ್ನೊಂದು ಅಲ್ಲಾಡಿಸುವ ಅಲೆ. ನಿನ್ನ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಇನ್ನೊಂದು ತುದಿಯನ್ನು ಅಲ್ಲಾಡಿಸಿದರೆ ಹಾವಿನ ಹಾಗೆ ಹರಿಯುತ್ತದಲ್ಲ, ಹಾಗೆ. ತಳ್ಳುವ ಅಲೆಗೆ ವೇಗ ಹೆಚ್ಚು, ಜೋರು ಕಮ್ಮಿ. ಅದು ಮೊದಲು ಬಂದು ಕಿಟಕಿಯ ಗಾಜನ್ನು ಗಲಗಲ ಅನ್ನಿಸಿ ಹೋಗುತ್ತದೆ. ಹಿಂದಿನಿಂದ ಬರುವ ಅಲ್ಲಾಡಿಸುವ ಅಲೆಯೇ ಕಪಾಟು ಬೀಳಿಸುವುದು, ಗೋಡೆ ಬೀಳಿಸುವುದು. ಎರಡರ ನಡುವೆ ಎಷ್ಟು ಸೆಕೆಂಡು ಅಂತ ಎಣಿಸಿ ಎಂಟರಿಂದ ಗುಣಿಸಿದರೆ ಬಂಡೆ ಜಾರಿದ ಜಾಗ ಸುಮಾರು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ನಮಗೆ ಬಂದದ್ದು ಒಂಬತ್ತು ಸೆಕೆಂಡು. ಒಂಬತ್ತೆಂಟ್ಲಿ ಎಪ್ಪತ್ತೆರಡು. ಆದರೆ ಯಾವ ದಿಕ್ಕಿಗೆ ಎಪ್ಪತ್ತೆರಡು ಅಂತ ಒಂದು ಯಂತ್ರಕ್ಕೆ ಗೊತ್ತಾಗುವುದಿಲ್ಲವಂತೆ, ಅದಕ್ಕೆ ಮೂರು ಊರಿನ ಯಂತ್ರ ಬೇಕಂತೆ. ನೀನು ಬಿಟ್ಟುಹೋದ ಜಾಮಿಟ್ರಿ ಪೆಟ್ಟಿಗೆಯ ಕೈವಾರ ತೆಗೆದುಕೊಂಡು, ಕೋಪ ಮಾಡಿಕೊಳ್ಳಬೇಡ, ನಕ್ಷೆಯ ಮೇಲೆ ನಮ್ಮ ಊರನ್ನು ನಡುವಿಟ್ಟು ಒಂದು ವೃತ್ತ ಎಳೆದೆ. ಬೇರೆ ಎರಡು ಊರಿನವರು ಫೋನಿನಲ್ಲಿ ಹೇಳಿದ ದೂರಕ್ಕೆ ಇನ್ನೆರಡು ಎಳೆದೆ. ಮೂರೂ ಒಂದು ಕಡೆ ಬಂದು ಸೇರಿದವು, ಯಾರೂ ವಾಸವಿಲ್ಲದ ಕುರುಚಲು ಕಾಡಿನಲ್ಲಿ. ಸರಿಯಾಗಿ ಸೇರದೆ ನಡುವೆ ಒಂದು ಸಣ್ಣ ತ್ರಿಕೋನ ಉಳಿಯಿತು. ಮೇಡಂ ನೋಡಿ, ಪೆನ್ಸಿಲು ಚೂಪು ಮಾಡಿಕೊಳ್ಳಿ ಅಂದರು.

ಈಗ ಬೆಟ್ಟದ ವಿಷಯ. ನೆಲ ನಡುಗಿದ ಮಾರನೆಯ ದಿನದಿಂದ ಊರಿನವರಿಗೆಲ್ಲ ಒಂದೇ ಚಿಂತೆ, ಬೆಟ್ಟ ಏಳುತ್ತದಾ ಅಂತ. ನೂರಾ ನಲವತ್ತು ವರ್ಷದಿಂದ ಮಲಗಿರುವ ಜ್ವಾಲಾಮುಖಿ ಅದು. ಕ್ಷೌರದಂಗಡಿಯವನು ನನ್ನ ಅರ್ಧ ತಲೆ ಕತ್ತರಿಸಿ ನಿಲ್ಲಿಸಿ, ಹೇಳಿದರೆ ಮಾತ್ರ ಇನ್ನರ್ಧ ಅಂದ. ಮೇಡಂ ಹೇಳಿಕೊಟ್ಟದ್ದನ್ನೇ ಅವನಿಗೂ ಹೇಳಿದೆ. ನೆಲದಾಳದಲ್ಲಿ ಎಲ್ಲೆಲ್ಲೂ ಬೆಂಕಿಯ ಸಮುದ್ರ ಇದೆ ಅಂತ ನಾವು ಅಂದುಕೊಂಡಿರುವುದು ತಪ್ಪಂತೆ. ಒಳಗಿನ ಬಂಡೆ ಬಹುಪಾಲು ಗಟ್ಟಿಯೇ, ಕಾದು ಕೆಂಪಾದ ಗಟ್ಟಿ. ಕೆಲವು ಕಡೆ ಮಾತ್ರ ಕರಗುತ್ತದೆ, ಕರಗಿದ್ದು ಸುತ್ತಲಿನದಕ್ಕಿಂತ ಹಗುರ, ಮೇಲಕ್ಕೆ ಬರಲು ಸಂದು ಹುಡುಕುತ್ತದೆ. ಅದರಲ್ಲಿ ಅನಿಲವೂ ಸೇರಿರುತ್ತದೆ, ಮೇಲೆ ಬಂದಂತೆ ಅದು ಗುಳ್ಳೆಯಾಗುತ್ತದೆ. ಕೆಲವು ಬೆಟ್ಟ ಶಾಂತವಾಗಿ ಹರಿಯುತ್ತವೆ, ಕೆಲವು ಸಿಡಿಯುತ್ತವೆ, ಯಾಕೆ? ಇದಕ್ಕೆ ಮೇಡಂ ಕೈಲಿ ಉತ್ತರ ಹೇಳಿಸಿಕೊಳ್ಳಲಿಲ್ಲ, ನಾನೇ ಕಂಡುಹಿಡಿದೆ, ಚಪ್ಪಾಳೆ ತಟ್ಟು, ಒಂದೇ ಕೈಯಾದರೂ ತೊಡೆಯ ಮೇಲೆ ತಟ್ಟು. ಕಾಗದದ ಸುರುಳಿಗಳಿಗೆ ಚೀಟಿ ಅಂಟಿಸಲು ಮೈದಾ ಅಂಟು ಕಾಯಿಸುತ್ತೇನಲ್ಲ, ಅದು ತೆಳ್ಳಗಿದ್ದಾಗ ಗುಳ್ಳೆ ಸಲೀಸಾಗಿ ಎದ್ದು ಒಡೆದು ಹೋಗುತ್ತದೆ. ಗಟ್ಟಿಯಾದ ಮೇಲೆ ಗುಳ್ಳೆಗೆ ದಾರಿಯಿಲ್ಲ, ಒಳಗೇ ಉಬ್ಬಿ ಉಬ್ಬಿ ಲೊಳಕ್ ಅಂತ ಸಿಡಿದು ಕೈ ಸುಡುತ್ತದೆ. ಕರಗಿದ ಕಲ್ಲೂ ಹಾಗೇ. ಮೇಡಂಗೆ ಹೇಳಿದಾಗ ಅವರು ನನ್ನ ಮುಂಗೈ ಮೇಲಿನ ಸುಟ್ಟ ಕಲೆ ನೋಡಿ, ಇದಕ್ಕಿಂತ ಒಳ್ಳೆಯ ಪ್ರಯೋಗ ಪುಸ್ತಕದಲ್ಲೂ ಇಲ್ಲ ಅಂದರು.

ಬೆಟ್ಟದ ಒಂದು ಗುಣ ನನಗೆ ಇಷ್ಟವಾಯಿತು. ಅದು ಸಾಮಾನ್ಯವಾಗಿ ಹೇಳಿ ಬರುವ ನೆಂಟ. ಕರಗಿದ ಕಲ್ಲು ಮೇಲೆ ಬರಬೇಕಾದರೆ ಜಾಗ ಮಾಡಿಕೊಳ್ಳಬೇಕು, ಆಗ ಬೆಟ್ಟದ ಅಡಿಯಲ್ಲಿ ಸಣ್ಣ ಸಣ್ಣ ನಡುಕಗಳು ಗುಂಪು ಗುಂಪಾಗಿ ಬರುತ್ತವೆ, ಬೆಟ್ಟದ ಮೈ ಕೂದಲೆಳೆಯಷ್ಟು ಉಬ್ಬುತ್ತದೆ, ಬಿರುಕುಗಳಿಂದ ಬರುವ ಅನಿಲ ಹೆಚ್ಚುತ್ತದೆ. ಮೇಡಂ ವಾರ ವಾರ ಹೋಗಿ ಬಿಸಿನೀರಿನ ಬುಗ್ಗೆಗೆ ಥರ್ಮಾಮೀಟರ್ ಇಟ್ಟು ಬರುವುದು ಅದಕ್ಕೇ, ಜ್ವರ ಬಂದ ಮಗುವಿಗೆ ಇಟ್ಟ ಹಾಗೆ. ಇಲ್ಲಿಯವರೆಗೆ ಏನೂ ವ್ಯತ್ಯಾಸವಿಲ್ಲ. ಹೇಳಿ ಬರುವ ನೆಂಟನೂ ಒಮ್ಮೊಮ್ಮೆ ಹೇಳದೆ ಬಂದುಬಿಡುವುದುಂಟು ಅಂತಲೂ ಅವರು ಸೇರಿಸಿದರು, ಅವರಿಗೆ ಪೂರ್ತಿ ಸಮಾಧಾನ ಮಾಡುವ ಅಭ್ಯಾಸವಿಲ್ಲ. ನೆಲ ಮಾತ್ರ ಹೇಳದೆ ಬರುವ ನೆಂಟನೇ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ನಾನು ನಿನಗೆ ಮಾತು ಕೊಟ್ಟಿದ್ದೆ, ಹೋದ ವರ್ಷ, ಬಾವಿಕಟ್ಟೆಯ ಮೇಲೆ ಕೂತು. ಬೆಟ್ಟ ಏಳುವ ಮೊದಲು ನನ್ನ ಮುಳ್ಳಿಗೆ ಹೇಳಿಯೇ ಏಳುತ್ತದೆ, ನಾನು ನಿನಗೆ ಹೇಳುತ್ತೇನೆ ಅಂದೆ. ‘ನೆಲ ನಡುಗಿದರೂ ಹೇಳ್ತೀಯಾ ತಾತ?’ ಅಂತ ಕೇಳಿದೆ ನೀನು. ‘ಹೇಳ್ತೀನಿ’ ಅಂದೆ. ನೀನು ಆಗ ನನ್ನನ್ನು ನೋಡಿದ ನೋಟ ಇತ್ತಲ್ಲ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ಇಷ್ಟು ಸುಲಭದ ಮಾತು, ಆಡಲಿಲ್ಲ.

ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ನನಗೆ ಊಟ ಸೇರುವುದಿಲ್ಲ. ಭೂಮಿಯ ಹೊಟ್ಟೆಯೊಳಗೆ ಯಾರೂ ಹೋಗಿ ಬಂದಿಲ್ಲ, ಆದರೂ ಒಳಗೆ ಒಂದು ಕಡೆ ಕರಗಿದ ಕಬ್ಬಿಣದಂಥದ್ದು ನೀರಿನ ಹಾಗೆ ತೊನೆದಾಡುತ್ತಿದೆ ಅಂತ ಗೊತ್ತಾಗಿದೆಯಂತೆ. ಹೇಗೆ? ಆ ಅಲ್ಲಾಡಿಸುವ ಅಲೆ ಇದೆಯಲ್ಲ, ಅದು ದ್ರವದಲ್ಲಿ ಸಾಗಲಾರದು. ಹಗ್ಗವನ್ನು ಅಲ್ಲಾಡಿಸಬಹುದು, ನೀರನ್ನು ಹಗ್ಗದ ಹಾಗೆ ಅಲ್ಲಾಡಿಸಲು ಆಗುತ್ತದೆಯೇ? ಒಂದು ಕಡೆ ದೊಡ್ಡ ಭೂಕಂಪವಾದಾಗ ಭೂಮಿಯ ಆಚೆ ಬದಿಯ ಯಂತ್ರಗಳಿಗೆ ತಳ್ಳುವ ಅಲೆ ಬಂದಿತಂತೆ, ಅಲ್ಲಾಡಿಸುವ ಅಲೆ ಬರಲೇ ಇಲ್ಲವಂತೆ. ದಾರಿಯಲ್ಲಿ ಏನೋ ಅದನ್ನು ನುಂಗಿತು, ನುಂಗಿದ್ದು ದ್ರವ ಅಂತ ಲೆಕ್ಕ ಹಾಕಿದರಂತೆ. ಮಹಡಿಯ ಟ್ಯಾಂಕಿಗೆ ಬೆರಳಿನಿಂದ ಕುಟ್ಟಿ ನೀರು ಎಲ್ಲಿಯವರೆಗಿದೆ ಅಂತ ಅಜ್ಜಿ ಹೇಳುವ ಹಾಗೆ. ಇದನ್ನು ಕೇಳಿದ ದಿನ ನಾನು ಡ್ರಮ್ಮಿನ ಮುಂದೆ ಕೂತು ಕಾಫಿ ಆರುವವರೆಗೂ ಕುಡಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ನಾನು ಒರೆಸಿದ್ದು ಇಂಥ ಯಂತ್ರವನ್ನು ಕಣಮ್ಮ. ನೀನು ಪಕ್ಕದಲ್ಲಿದ್ದಿದ್ದರೆ ಹತ್ತು ಯಾಕೆ ಕೇಳುತ್ತಿದ್ದೆ, ನಾನು ಹತ್ತಕ್ಕೂ ಓಡಿ ಹೋಗಿ ಮೇಡಂ ಅವರನ್ನು ಕೇಳಿ ಬರುತ್ತಿದ್ದೆ.

ಆ ದಿನದ ಕಾಗದವನ್ನು ನಾನು ಬೇರೆ ಎತ್ತಿಟ್ಟಿದ್ದೇನೆ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತಾರು ನಿಮಿಷ. ಗೆರೆ ನೇರ ಬಂದು, ಒಂದು ಜಾಗದಲ್ಲಿ ಸಣ್ಣ ಸಣ್ಣ ಹಲ್ಲು ಶುರುವಾಗುತ್ತದೆ, ಒಂಬತ್ತು ಮಿಲಿಮೀಟರ್ ಹಾಗೇ ಸಾಗುತ್ತದೆ, ಆಮೇಲೆ ಮುಳ್ಳು ಕಾಗದದ ಅಂಚಿಗೆ ಬಡಿದು ಶಾಯಿ ಎರಚಿದೆ. ಒಂಬತ್ತು ಮಿಲಿಮೀಟರ್ ಅಂದರೆ ನಿನ್ನ ಕಿರುಬೆರಳಿನ ಉಗುರಿನ ಅಗಲ. ಆ ಸಣ್ಣ ಹಲ್ಲುಗಳ ಪಕ್ಕದಲ್ಲಿ ನನ್ನ ಪೆನ್ಸಿಲಿನಲ್ಲಿ ‘ಯಾ’ ಅಂತ ಒಂದೇ ಅಕ್ಷರ ಇದೆ. ನೀನು ಅಂಗಳದಲ್ಲಿ ಹಾರುತ್ತಿದ್ದೀ ಅಂದುಕೊಂಡು ಹೆಸರು ಬರೆಯಲು ಬಗ್ಗಿದ್ದೆ. ನೀನು ಆಗಲೇ ಹಗ್ಗ ಸುತ್ತಿಟ್ಟು ಒಳಗಿನ ಕೋಣೆಗೆ ಬಂದು, ಹಳೆಯ ಸುರುಳಿಗಳ ಕಪಾಟಿನ ಕೆಳಗೆ ತಂಪಿಗೆ ಕೂತಿದ್ದೆ, ನನಗೆ ಗೊತ್ತಿರಲಿಲ್ಲ. ನಿಮ್ಮಮ್ಮನಿಗೆ, ಅಜ್ಜಿಗೆ, ಮೇಡಂಗೆ, ಬೇಕರಿಯವನಿಗೆ, ಎಲ್ಲರಿಗೂ ಇದನ್ನೇ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಅಂದರು. ಆ ಅಕ್ಷರ ನೋಡಿ ಅಜ್ಜಿ ಅತ್ತೇಬಿಟ್ಟಳು. ಇಪ್ಪತ್ತೊಂಬತ್ತು ವರ್ಷದ ಕಾಗದ ತುಂಬಿದ್ದ, ನಿನ್ನ ಕೈ ಮೇಲೆ ಬಿದ್ದ ಆ ಕಪಾಟನ್ನು ಗೋಡೆಗೆ ಬಿಗಿಸಬೇಕು ಅಂತ ನನಗೆ ಒಮ್ಮೆಯೂ ಹೊಳೆಯಲಿಲ್ಲವಲ್ಲ ಎನ್ನುವುದು ಬೇರೆ ಸಂಕಟ. ಈಗ ಆರು ಕಬ್ಬಿಣದ ಪಟ್ಟಿ ಹಾಕಿ ಬಿಗಿಸಿದ್ದೇನೆ, ನಾನೇ ನೇತಾಡಿ ಪರೀಕ್ಷೆ ಮಾಡಿದೆ. ನಿನ್ನ ಮಂಚವನ್ನು ಕಿಟಕಿಯಿಂದ ದೂರ ಸರಿಸಿದ್ದೇನೆ. ನಡುಮನೆಯಲ್ಲಿ ಹಳೆಯ ತೇಗದ ಮೇಜು ಹಾಕಿದ್ದೇನೆ. ನಡುಗಿದರೆ ಓಡಬಾರದಂತೆ, ಬಗ್ಗಿ ಮೇಜಿನ ಕೆಳಗೆ ಸೇರಿ ಅದರ ಕಾಲು ಹಿಡಿದುಕೊಂಡು ಕೂರಬೇಕಂತೆ. ದಿನಾ ಸಾಯಂಕಾಲ ಅಜ್ಜಿ ಪಾತ್ರೆ ಬಡಿಯುತ್ತಾಳೆ, ನಾವಿಬ್ಬರೂ ಮೇಜಿನ ಕೆಳಗೆ ಹೋಗಿ ಕೂರುತ್ತೇವೆ. ಒಳಗೆ ಹೋಗಲು ನಾಲ್ಕು ಸೆಕೆಂಡು, ಹೊರಗೆ ಬರಲು ಅವಳ ಮಂಡಿಯ ದಯೆಯಿಂದ ಹತ್ತು ನಿಮಿಷ.

ಶುಕ್ರವಾರ ಧೈರ್ಯವಾಗಿ ಕೈ ಚಾಚು. ಅಪ್ಪನಿಗೆ ನನ್ನ ಆಶೀರ್ವಾದ ಹೇಳು, ಅಮ್ಮನಿಗೆ ಹೆಚ್ಚು ಸಕ್ಕರೆ ತಿನ್ನಬೇಡ ಅಂತ ಹೇಳು. ಅಜ್ಜಿ ನಿನಗೆ ಎರಡೂ ಕೆನ್ನೆಗೆ ಮುತ್ತು ಕಳಿಸಿದ್ದಾಳೆ, ಗುಂಡಿಗಳ ಡಬ್ಬಿಯಿಂದ ಆನೆಯಾಕಾರದ ಆ ಒಂದು ಗುಂಡಿಯನ್ನೂ ಕಳಿಸಿದ್ದಾಳೆ, ಲಕೋಟೆಯ ಮೂಲೆಯಲ್ಲಿ ನೋಡು. ಮೂಳೆ ಗಟ್ಟಿಯಾಗಲಿ, ನಿದ್ದೆ ಚೆನ್ನಾಗಿ ಬರಲಿ, ಕೇಳುವ ಬಾಯಿ ಯಾವತ್ತೂ ಮುಚ್ಚದಿರಲಿ.

ನಿನ್ನ,
ಮುಳ್ಳಿನ ತಾತ

ಮತ್ತೆ: ಬೇಕರಿಯವನು ಟಪಾಲಿಗೆ ಹಾಕುತ್ತೇನೆ ಅಂತ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದಾನೆ, ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಇಷ್ಟು ಉದ್ದ ಬರೆದು ಮುಖ್ಯವಾದದ್ದನ್ನೇ ಬರೆದಿಲ್ಲ. ಮೇಲಿನದರಲ್ಲಿ ಮೂರು ಮಿಲಿಮೀಟರ್ ಮಾತ್ರ ನಿಜ. ‘ಯಾ’ ಬರೆಯುವಷ್ಟು ಹೊತ್ತು ಅದು ನೀನೇ ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಒಳಗಿನಿಂದ ‘ತಾತಾ, ಗಾಜು ಯಾಕೆ ಗಲಗಲ ಅಂತಿದೆ?’ ಅಂತ ಕೂಗಿದೆ. ನೀನು ಅಂಗಳದಲ್ಲಿಲ್ಲ ಅಂತ ಆಗಲೇ ಗೊತ್ತಾಯಿತು. ನೆಲ ನಡುಗುತ್ತಿದೆ ಅಂತಲೂ ಗೊತ್ತಾಯಿತು. ನಾನು ‘ಇರು, ಮುಳ್ಳು ನೋಡ್ತಿದೀನಿ’ ಅಂದೆ. ನಾನು ಇರು ಅಂದದ್ದಕ್ಕೆ ನೀನು ಅಲ್ಲೇ ಇದ್ದೆ. ಅಷ್ಟು ದೊಡ್ಡದನ್ನು ಮುಳ್ಳು ಬರೆಯುವುದನ್ನು ನಾನು ಹಿಂದೆ ಯಾವತ್ತೂ ಕಣ್ಣಾರೆ ನೋಡಿರಲಿಲ್ಲ, ಆಸೆಯಾಯಿತು, ನೋಡುತ್ತ ನಿಂತೆ. ಆರು ಸೆಕೆಂಡು. ಬಾಗಿಲಿಗೆ ಎರಡೇ ಹೆಜ್ಜೆ. ನಿನ್ನ ಪ್ರಶ್ನೆಗೆ ಉತ್ತರ ಇದು: ಗೊತ್ತಾಗಿತ್ತು, ಹೇಳಲಿಲ್ಲ. ನೀನು ನನ್ನ ಆ ಮಾತನ್ನು ಅಮ್ಮನಿಗೂ ಹೇಳಿಲ್ಲ, ಅಜ್ಜಿಗೂ ಹೇಳಿಲ್ಲ. ಒಂಬತ್ತು ವರ್ಷದವಳು ತಾತನ ಮಾನ ಕಾಯಬೇಕಾಗಿಲ್ಲ ಕಣೇ. ಈ ಕೊನೆಯ ಹಾಳೆಯನ್ನು ಅಮ್ಮನ ಮುಂದೆ ಜೋರಾಗಿ ಓದು. ಅಜ್ಜಿಗೆ ಬೆಳಿಗ್ಗೆ, ಅವಳು ಗುಂಡಿ ತಂದುಕೊಟ್ಟ ಮೇಲೆ, ನಾನೇ ಹೇಳಿದೆ, ಆಮೇಲಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ.

ನಿನ್ನೆ ಮಧ್ಯಾಹ್ನ ಮೂರೂಕಾಲಿಗೆ ಸಣ್ಣದೊಂದು ಬಂತು. ದೊಡ್ಡದರ ಹಿಂದೆ ಇಂಥವು ತಿಂಗಳುಗಟ್ಟಲೆ ಬರುತ್ತಿರುತ್ತವಂತೆ. ಗಾಜು ಗಲಗಲ ಅಂದಿತು. ಮೇಜಿನ ಅಭ್ಯಾಸವೆಲ್ಲ ಮರೆತುಹೋಯಿತು, ಮುಳ್ಳಿನ ಕಡೆ ನೋಡಲಿಲ್ಲ, ಕಪಾಟಿನ ಕೋಣೆಗೆ ನಿನ್ನನ್ನು ಕೂಗುತ್ತ ಓಡಿದೆ. ನೀನು ಅಲ್ಲಿರಲಿಲ್ಲ. ಇರುವುದಿಲ್ಲ ಅಂತ ಗೊತ್ತಿತ್ತು, ಆದರೂ ಓಡಿದೆ. ವಾಪಸು ಬರುವಷ್ಟರಲ್ಲಿ ಮುಗಿದಿತ್ತು. ನಾವು ಕಣ್ಣಾರೆ ಕಂಡದ್ದನ್ನು ಬರೆಯಲು ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ, ಅದನ್ನು ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಖಾಲಿ ಬಿಟ್ಟವನಲ್ಲ. ನಿನ್ನೆ ‘ನೋಡಿಲ್ಲ’ ಅಂತ ಬರೆದೆ. ಪಕ್ಕದ ಕಾಲಮ್ಮಿನಲ್ಲಿ ಕಾರಣ ಕೇಳುತ್ತಾರೆ. ‘ಮೊಮ್ಮಗಳನ್ನು ಕರೆಯಲು ಒಳಗೆ ಹೋಗಿದ್ದೆ’ ಅಂತ ಬರೆದು ಸಹಿ ಹಾಕಿದೆ.